ಉಮ್ಮಕ್ಕ ಮೀನು ಬಿಟ್ಟದ್ದು ನನ್ನಿಂದ

ಕಮಲಳ ಕುತ್ತಿಗೆಯ ಬಾವು ಅವಳ ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ಅದನ್ನು ಮುಚ್ಚಿದವನು ನಾನು. ಬಾಯಿ ಮುಚ್ಚಿ ಕುಳಿತದ್ದು ಮಾತ್ರವಲ್ಲ — ಕೈಯಾರೆ, ಚಿನ್ನದಿಂದ ಮುಚ್ಚಿದೆ. ಮುಂದೆ ಅವಳು ಬಸುರಿಯಾಗಿ, ಬಾವು ಹೆಚ್ಚಿ, ಮನೆಯವರು ಕಾರಣ ತಿಳಿಯದೆ ಕಂಗೆಟ್ಟಾಗ ಅವಳ ಅತ್ತೆ ಉಮ್ಮಕ್ಕ ನನ್ನನ್ನೇ ಕರೆದು ಕೇಳಿದರು. ಆಗಲೂ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಒಂದು ಮಗು ಹೊಟ್ಟೆಯಲ್ಲೇ ಸೊರಗಿತು. ಏನೂ ತಿಳಿಯದ ಉಮ್ಮಕ್ಕ ಆ ಪಾಪ ತಮ್ಮದೆಂದು ವರ್ಷಗಟ್ಟಲೆ ಹೊತ್ತರು.

ನಾನು ಮೀಂಜದ ಕಡೆಯ ಅಕ್ಕಸಾಲಿ. ಈಗ ಕಣ್ಣು ಮಂಜಾಗಿದೆ, ಬೆಸುಗೆಯ ಕೆಲಸ ಮಗನಿಗೆ ಬಿಟ್ಟಿದ್ದೇನೆ. ನನ್ನ ಪ್ರಾಯದ ಕಾಲದಲ್ಲಿ ಚಿನ್ನದ ಕೆಲಸ ನಡೆಯುತ್ತಿದ್ದದ್ದು ಗಿರಾಕಿಗಳ ಮನೆಯ ಜಗಲಿಯಲ್ಲೇ. ಅಗ್ಗಿಷ್ಟಿಕೆ, ಊದುಕೊಳವೆ, ಇಕ್ಕಳ ಕಟ್ಟಿಕೊಂಡು ನಾವೇ ಹೋಗಬೇಕು. 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ಗಾದೆ ಇರುವ ಊರಲ್ಲಿ ಚಿನ್ನವನ್ನು ನಮ್ಮ ಮನೆಗೆ ಕಳಿಸುವ ಧೈರ್ಯ ಯಾರಿಗಿದೆ? ಹಾಗೆ ಜಗಲಿಯಲ್ಲಿ ದಿನವಿಡೀ ಕುಳಿತವನಿಗೆ ಆ ಮನೆಯ ಒಳಗಿನದ್ದೆಲ್ಲ ಕಾಣುತ್ತದೆ, ಕೇಳುತ್ತದೆ. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಬಾರದು — ಇದು ನನ್ನ ಅಪ್ಪ ಕಲಿಸಿದ ಮೊದಲ ಪಾಠ. ಒಳ್ಳೆಯ ಪಾಠವೇ. ನಾನು ಅದರ ಹಿಂದೆ ಅಡಗಿ ಕೂತೆ, ಅಷ್ಟೇ.

ಕಮಲಳ ಅಪ್ಪನ ಮನೆ ಮೂಡು ದಿಕ್ಕಿನಲ್ಲಿ, ಘಟ್ಟದ ಬುಡದಲ್ಲಿ. ಸಮುದ್ರದ ಮೀನು ಅಲ್ಲಿಗೆ ಮುಟ್ಟುವುದು ಅಪರೂಪ, ಮುಟ್ಟಿದರೂ ಒಣಗಿದ್ದು. ಆ ಕಡೆ ಕುತ್ತಿಗೆ ಊದಿದ ಹೆಂಗಸರನ್ನು ನಾನು ಎಷ್ಟೋ ಕಂಡಿದ್ದೆ. ಅಲ್ಲಿಯವರು ಅದನ್ನು ರೋಗವೆಂದು ಎಣಿಸಿದವರಲ್ಲ — ಮದುವೆಯ ಮಾತು ಬರುವ ತನಕ. ಉಮ್ಮಕ್ಕನ ಮನೆ ಕುಂಜತ್ತೂರಿನಲ್ಲಿ, ಅಡುಗೆಮನೆಯಲ್ಲಿ ನಿಂತರೆ ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಗಂಡ ತೀರಿದ ಮೇಲೆ ಗದ್ದೆ, ಆಳುಕಾಳು ಎಲ್ಲವನ್ನೂ ಅವರೇ ನಡೆಸುತ್ತಿದ್ದರು. ಎರಡೂ ಮನೆಗೆ ಹೋಗಿಬರುತ್ತಿದ್ದವನು ನಾನೊಬ್ಬನೇ. ತನ್ನ ಮಗ ಸಂಜೀವನಿಗೆ ಹುಡುಗಿ ಹುಡುಕುವಾಗ ಉಮ್ಮಕ್ಕ ನನ್ನನ್ನು ಕೇಳಿದ್ದು ಸಹಜ. "ಚಿನ್ನದಂಥ ಹುಡುಗಿ" ಎಂದೆ. ನನ್ನ ಬಾಯಿಗೆ ಬೇರೆ ಉಪಮೆ ಎಲ್ಲಿಂದ ಬರಬೇಕು? ಆ ಹೊತ್ತಿಗೆ ನಾನು ಹೇಳಿದ್ದು ಸುಳ್ಳಲ್ಲ. ಕಮಲಳ ಮುಖವನ್ನಲ್ಲದೆ ಕುತ್ತಿಗೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ನೋಡಿದ್ದು ಅಳತೆ ತೆಗೆಯುವಾಗ. ಮದುವೆಗೆ ಅಡ್ಡಿಗೆ ಮಾಡಬೇಕಿತ್ತು. ಕುತ್ತಿಗೆಗೆ ಒತ್ತಿ ಕೂರುವ ಅಗಲ ಪಟ್ಟಿಯ ಒಡವೆ ಅದು. ಕಮಲಳ ಅಮ್ಮ ಬಾಳೆಯ ನಾರನ್ನು ಮಗಳ ಕುತ್ತಿಗೆಗೆ ಸುತ್ತಿ ನನ್ನ ಕೈಗೆ ಕೊಟ್ಟರು. ಅಂಥ ತೆಳ್ಳಗಿನ ಹುಡುಗಿಗೆ ಆ ನಾರು ಉದ್ದವಾಯಿತು. ತಲೆಯೆತ್ತಿ ನೋಡಿದೆ. ಕಮಲ ಸೆರಗನ್ನು ಮೇಲೆಳೆದುಕೊಂಡಳು, ಆದರೆ ಆ ಗಳಿಗೆಯಲ್ಲಿ ಉಗುಳು ನುಂಗಿದಳು — ಗಂಟಲ ಕೆಳಗೆ ಏನೋ ಒಂದು ಮೆತ್ತಗೆ ಮೇಲೆ ಹೋಗಿ ಕೆಳಗಿಳಿಯಿತು. ಗಳಗಂಡ.

ಕೈ ತೊಳೆಯಲು ಬಾವಿಕಟ್ಟೆಗೆ ಹೋದಾಗ ಅವಳ ಅಪ್ಪ ಹಿಂದೆಯೇ ಬಂದರು.

"ಆಚಾರ್ರೆ, ನೀವು ಕಂಡಿರಿ ಅಂತ ಗೊತ್ತುಂಟು. ಬಾಯಿ ಬಿಡ್ಬೇಡಿ. ಈ ಸಂಬಂಧ ತಪ್ಪಿದ್ರೆ ಇವಳಿಗೆ ಬೇರೆ ಬರ್ಲಿಕ್ಕಿಲ್ಲ."

ನನ್ನ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು. ಆ ಮನುಷ್ಯನ ಕಣ್ಣಲ್ಲಿ ನೀರು ಕಂಡು ಕರಗಿದೆ ಎಂದರೆ ಅರ್ಧ ಸತ್ಯ. ಇನ್ನರ್ಧ ಹೀಗೆ — ಉಮ್ಮಕ್ಕನ ಎದುರು ಹುಡುಗಿಯನ್ನು ಹೊಗಳಿದವನು ನಾನು, ಮಾತು ತಪ್ಪಿದರೆ ಆ ಮನೆಯ ಜಗಲಿ ನನಗೆ ಮುಚ್ಚುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದನ್ನೂ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು ಎಂದುಕೊಂಡೆ. ಪಟ್ಟಿಯನ್ನು ವಾಡಿಕೆಗಿಂತ ಒಂದು ಬೆರಳು ಅಗಲ ಮಾಡಿದೆ. ಬಾವು ಅದರ ಅಡಿಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಮದುವೆಯ ಚಪ್ಪರದಲ್ಲಿ ಹೆಂಗಸರು ಕಮಲಳನ್ನು ಸುತ್ತುವರಿದು ಅಡ್ಡಿಗೆಯನ್ನೇ ಹೊಗಳುತ್ತಿದ್ದರು. ನಾನು ದೂರದಲ್ಲಿ ನಿಂತು ಹಿಗ್ಗಿದೆ. ನಾಚಿಕೆಯ ಮಾತು, ಆದರೆ ಹೇಳಿಬಿಡುತ್ತೇನೆ — ನನ್ನ ಕೈಯಿಂದ ಅದಕ್ಕಿಂತ ಚೆಂದದ ಒಡವೆ ಇನ್ನೊಂದು ಆಗಲಿಲ್ಲ.

ದೊಡ್ಡ ಯುದ್ಧ ಮುಗಿಯುತ್ತ ಬಂದ ಕಾಲ. ಕಮಲ ಬಸುರಿಯಾದಳು ಎಂಬ ಸುದ್ದಿ ಬಂತು. ಅದರ ಹಿಂದೆಯೇ ಉಮ್ಮಕ್ಕನ ಕರೆಯೂ ಬಂತು — ಅಡ್ಡಿಗೆ ಬಿಗಿಯಾಗುತ್ತಿದೆ, ಹಿಂದೆ ಎರಡು ಕೊಂಡಿ ಸೇರಿಸಬೇಕು. ಹೋಗಿ ಜಗಲಿಯಲ್ಲಿ ಅಗ್ಗಿಷ್ಟಿಕೆ ಹೂಡಿದೆ. ಉಮ್ಮಕ್ಕ ಎದುರಿಗೆ ಬಂದು ಕುಳಿತರು. ಅವರಿಗೊಬ್ಬಳು ಮಗಳಿದ್ದಳು. ಹೊಟ್ಟೆಯ ಮಗು ದೊಡ್ಡದಾಗಿ, ಹೆರಲಾರದೆ ತೀರಿಹೋದವಳು. ಅಂದಿನಿಂದ ಬಸುರಿಯರನ್ನು ಕಂಡರೆ ಅವರಿಗೆ ಭಯ.

"ಆಚಾರ್ರೆ, ಮದುವೆಗೆ ಮೊದಲು ಅಳತೆ ತೆಗೆದವರು ನೀವು. ಸತ್ಯ ಹೇಳಿ, ಇವಳ ಕುತ್ತಿಗೆ ಆಗಲೂ ಹೀಗೆ ಇತ್ತಾ?"

ಬಾಗಿಲ ಹಿಂದೆ ಕಮಲಳ ಬಳೆಯ ಸದ್ದು ನಿಂತಿತು. ಅವಳು ಕೇಳಿಸಿಕೊಳ್ಳುತ್ತಿದ್ದಳು.

"ಇಲ್ಲ ಅಕ್ಕ," ಎಂದೆ. "ಬಸುರಿಯಲ್ವಾ — ಮೈ ತುಂಬುವಾಗ ಕುತ್ತಿಗೆಯೂ ತುಂಬ್ತದೆ. ಒಳ್ಳೇದೇ."

ಇಷ್ಟೇ ಮಾತು. ಹೇಳಿ ಊದುಕೊಳವೆ ಬಾಯಿಗಿಟ್ಟೆ, ಮತ್ತೆ ಏನನ್ನೂ ಕೇಳದಿರಲಿ ಎಂದು.

ಉಮ್ಮಕ್ಕ ನನ್ನ ಮಾತನ್ನು ನಂಬಿದರು. ನಂಬಿ, ತಮ್ಮ ಬುದ್ಧಿಗೆ ಸರಿಕಂಡಂತೆ ಲೆಕ್ಕ ಹಾಕಿದರು. ಬಾವು ಹೊಸತು. ಮುಖವೂ ಊದಿದೆ, ಕಾಲೂ ಊದಿದೆ. ಹಾಗಾದರೆ ಇದು ನಂಜು — ಮೈಗಾಗದ್ದನ್ನು ತಿಂದು ಏರಿದ್ದು. ನಂಜಿಗೆ ನಮ್ಮ ಊರಿನ ಮೊದಲ ಪಥ್ಯ ಮೀನು ಬಿಡುವುದು. ಕಮಲಳ ಬಟ್ಟಲಿಗೆ ಮೀನು ಬೀಳುವುದು ನಿಂತಿತು. ಹುಡುಗಿ ದಪ್ಪವಾಗುತ್ತಿದ್ದಾಳೆ, ಮಗುವೂ ದೊಡ್ಡದಾದರೆ ತನ್ನ ಮಗಳ ಗತಿಯೇ ಇವಳಿಗೂ ಆದೀತೆಂದು ಅನ್ನವೂ ಕಡಿಮೆಯಾಗಿ ತಿಳಿಗಂಜಿ ಮಾತ್ರ ಉಳಿಯಿತು. ಇದಾವುದೂ ಕ್ರೌರ್ಯವಲ್ಲ. ಸೊಸೆಯನ್ನು ಉಳಿಸಿಕೊಳ್ಳಲು ಹೊರಟ ಹೆಂಗಸು ಅವರು. ಘಟ್ಟದ ಬುಡದಲ್ಲಿ ಕಡಲ ಮೀನು ಸಿಗದೆ ಕುತ್ತಿಗೆ ಬಾತವಳಿಗೆ ಮದ್ದಾಗಬೇಕಿದ್ದ ಆ ಮೀನೇ ಕಡಲ ಬದಿಯ ಮನೆಯಲ್ಲಿ ಒಲೆಯ ಮೇಲೆ ಕುದಿಯುತ್ತಿತ್ತು, ಅವಳಿಗೆ ಮಾತ್ರ ಇಲ್ಲ. 'ಇದು ಹುಟ್ಟೂರಿನ ಬಾವು, ಅಕ್ಕ, ಡಾಕ್ಟರಿಗೆ ತೋರಿಸಿ' ಎಂದು ನಾನು ಹೇಳಿದ್ದರೆ — ಇಲ್ಲ, ಹೇಳಲಿಲ್ಲ.

ಬಯಕೆಯ ಮುಂಚಿನ ವಾರ ಮತ್ತೆ ಕರೆ ಬಂತು. ಏಳನೇ ತಿಂಗಳಲ್ಲಿ ಬಸುರಿಯನ್ನು ಸಿಂಗರಿಸಿ, ಆಸೆಪಟ್ಟದ್ದನ್ನೆಲ್ಲ ಬಡಿಸುವ ಔತಣ ಅದು. ಅಂದು ಅಡ್ಡಿಗೆ ಹಾಕಲೇಬೇಕು, ಆದರೆ ಸೇರಿಸಿದ ಕೊಂಡಿಗಳೂ ಈಗ ಸಾಲುತ್ತಿರಲಿಲ್ಲ. ಹೋದಾಗ ಕಮಲ ಜಗಲಿಯ ಮೂಲೆಯಲ್ಲಿ ಕುಳಿತಿದ್ದಳು. ಬಿರುಬೇಸಿಗೆ, ನನಗೆ ಬೆವರು ಇಳಿಯುತ್ತಿತ್ತು. ಅವಳು ಕಂಬಳಿ ಹೊದ್ದಿದ್ದಳು. "ಬಂದ್ರಾ ಆಚಾರ್ರೆ" ಎಂದಳು, ದನಿ ಗಂಡಸಿನ ಹಾಗೆ ಒಡೆದಿತ್ತು. ಹುಬ್ಬಿನ ಕೂದಲು ಉದುರಿತ್ತು. ಇದನ್ನೆಲ್ಲ ನೋಡಿದವರು ಸೋಮಾರಿ ಸೊಸೆ ಎಂದು ಆಡಿಕೊಳ್ಳುತ್ತಿದ್ದರಂತೆ, ಕೂತಲ್ಲೇ ತೂಕಡಿಸುತ್ತಾಳೆಂದು.

ಉಮ್ಮಕ್ಕ ನನ್ನನ್ನು ಬದಿಗೆ ಕರೆದರು. "ಏಳು ತಿಂಗಳಾಯ್ತು, ಹೊಟ್ಟೆ ಕಾಣುದೇ ಇಲ್ಲ ಆಚಾರ್ರೆ. ಮಗು ಒಳಗೇ ಒಣಗ್ತಾ ಉಂಟಾ ಎಂತದೋ. ಬಯಕೆಗೆ ನನ್ನ ತಂಗಿಯ ಮಗಳು ಲೀಲ ಬರ್ತಾಳೆ. ಮಂಗಳೂರಿನಲ್ಲಿ ಹೆರಿಗೆ ಮಾಡಿಸುವವಳು. ಅವಳ ಹತ್ರ ಒಂದು ಮಾತು ಕೇಳ್ಬೇಕು."

ಕೇಳಿ, ಇಲ್ಲಿ ಮನಸ್ಸು ಮಾಡಿದ್ದರೆ ಒಂದೇ ವಾಕ್ಯ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಉಮ್ಮಕ್ಕ, "ಮನೆ ತುಂಬ ಕೆಲಸ, ಈ ಸಲ ನೀವು ಅಡ್ಡಿಗೆ ಮನೆಗೇ ಕೊಂಡೋಗಿ. ನಿಮ್ಮನ್ನು ನಂಬದೆ ಇನ್ಯಾರನ್ನು ನಂಬುದು?" ಎಂದು ಅದನ್ನು ನನ್ನ ಕೈಗಿಟ್ಟರು. ಆ ಮಾತಿನ ಎದುರು ನಾನು ಸುಳ್ಳುಗಾರನೆಂದು ಹೇಳುವುದು ಹೇಗೆ?

ದಾರಿಯುದ್ದಕ್ಕೂ ಯೋಚಿಸಿದೆ. ಕೊನೆಗೆ ಹೊಳೆದದ್ದು ಹೇಡಿಯ ಉಪಾಯ. ಅಡ್ಡಿಗೆ ಇದ್ದರೆ ತಾನೇ ಬಾವು ಮುಚ್ಚುವುದು? ಅಕ್ಕಸಾಲಿ ಹೇಳಿದ ದಿನಕ್ಕೆ ಒಡವೆ ಕೊಟ್ಟದ್ದನ್ನು ಲೋಕದಲ್ಲಿ ಯಾರು ಕಂಡಿದ್ದಾರೆ! ಒಂದು ದಿನ ತಡವಾದರೆ ಯಾರಿಗೂ ಸಂಶಯ ಬರುವುದಿಲ್ಲ.

ಬಯಕೆಯ ದಿನ ಬೆಳಿಗ್ಗೆ ಅಡ್ಡಿಗೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಮನೆಯಿಂದ ಹೊರಟೆ. ಉಮ್ಮಕ್ಕನ ಮನೆಗಲ್ಲ, ಅವರ ಮನೆಯನ್ನು ಬಳಸಿ ಕಡಲಬದಿಗೆ. ಮರಳಲ್ಲಿ ಮೀನು ಒಣಗಲು ಹರವಿದ್ದರು. ನಾನು ಮೀನು ತಿನ್ನದ ಜಾತಿಯವ, ಆ ವಾಸನೆಗೆ ಹೆಗಲ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡೆ. ಆದರೂ ಒಂದು ದೋಣಿಯ ನೆರಳಲ್ಲಿ ಮುದುರಿ ಕೂತೆ. ಅಲ್ಲಿ ಔತಣದ ಮನೆಯಲ್ಲಿ ನನ್ನನ್ನು ಕಾಯುತ್ತಿರುತ್ತಾರೆ. ಹೂ ಮುಡಿಸುತ್ತಾರೆ, ಬಳೆ ತೊಡಿಸುತ್ತಾರೆ, ಕುತ್ತಿಗೆ ಮಾತ್ರ ಬರಿದು. ಲೀಲ ನೋಡಲಿ, ದೇವರೇ, ಅವಳೊಬ್ಬಳು ನೋಡಲಿ — ಎಂದು ಹೇಳಿಕೊಳ್ಳುತ್ತಿದ್ದೆ. ಮೀನು ಕಾಯುತ್ತಿದ್ದ ಮುದುಕಿಯೊಬ್ಬಳು "ಎಂತ ಮಾರಾಯ, ಕಾಗೆ ಓಡಿಸ್ಲಿಕ್ಕೆ ಬಂದದ್ದಾ?" ಎಂದು ನಕ್ಕಳು. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಕೈ ಸೊಂಟಕ್ಕೇ ಹೋಗುತ್ತಿತ್ತು.

ಹೊತ್ತು ಇಳಿದ ಮೇಲೆ ಹೋದೆ. ಉಮ್ಮಕ್ಕ ಅಂಗಳಕ್ಕೇ ಇಳಿದು ಬಂದರು. "ಶುಭದ ದಿನ ಮನೆಯ ಮಾನ ಕಳೆದಿರಲ್ಲ ಆಚಾರ್ರೆ! ಅಡವಿಟ್ಟಿದ್ರಾ ಎಂತ?" ನೆಂಟರೆಲ್ಲ ನನ್ನನ್ನು ಕಳ್ಳನ ಹಾಗೆ ನೋಡಿದರು. ಬೈಗುಳ ನನಗೆ ಹಾಲಿನಷ್ಟು ಸಿಹಿಯಾಗಿತ್ತು. ಯಾಕೆಂದರೆ ಅವರ ಬೆನ್ನ ಹಿಂದೆ, ಜಗಲಿಯಲ್ಲಿ, ಲೀಲ ಕಮಲಳ ಗಲ್ಲ ಎತ್ತಿ ಹಿಡಿದು ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. "ದೊಡ್ಡಮ್ಮ, ಒಡವೆ ಹಾಳಾಗಿ ಹೋಗ್ಲಿ. ನಾಳೆಯೇ ಇವಳನ್ನು ಮಂಗಳೂರಿಗೆ ಕರ್ಕೊಂಡು ಬನ್ನಿ" ಎಂದಳು.

ಮಂಗಳೂರಿನ ಡಾಕ್ಟರು ಹನಿ ಮದ್ದು ಕೊಟ್ಟರು, ನೀರಿಗೆ ಬಿಟ್ಟರೆ ಕಂದು ಬಣ್ಣವಾಗುವಂಥದ್ದು. ಗುಳಿಗೆಯನ್ನೂ ಕೊಟ್ಟರು. ಮೀನು, ಮೊಟ್ಟೆ, ಹಾಲು, ಹೊಟ್ಟೆ ತುಂಬ ಅನ್ನ ಕೊಡಬೇಕೆಂದರು. ಬಾವು ಯಾವಾಗಿನದೆಂದು ಕೇಳಿದಾಗ ಉಮ್ಮಕ್ಕ, ನನ್ನ ಮಾತಿನ ಬಲದಿಂದ, "ಬಸುರಿಯಾದ ಮೇಲಿನದ್ದು" ಎಂದರಂತೆ. ಪಥ್ಯದ ವಿಷಯ ಕೇಳಿ ಡಾಕ್ಟರು ಸಿಟ್ಟಾಗಿ, "ತಾಯಿಗೆ ಹಾಕದೆ ಹೊಟ್ಟೆಯ ಮಗು ಯಾವುದನ್ನು ತಿಂದು ಬೆಳೀಬೇಕಮ್ಮ?" ಎಂದು ಎಲ್ಲರೆದುರು ಗದರಿದರಂತೆ.

ಕಮಲ ಬದುಕಿದಳು. ಮಗುವೂ ಬದುಕಿತು. ಹೆಣ್ಣು, ಹೆಸರು ಸುಮತಿ. ಹುಟ್ಟಿದಾಗ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಹಿಡಿಯುವಷ್ಟು ಸಣ್ಣದಿತ್ತು. ಅಳುವುದಕ್ಕೂ ಸಾವಕಾಶ ಮಾಡಿತು, ಕೂರುವುದಕ್ಕೂ. ಓರಗೆಯ ಮಕ್ಕಳು ಅಂಗಳದಲ್ಲಿ ಓಡುವಾಗ ಅದು ಅಜ್ಜಿಯ ಸೊಂಟ ಬಿಟ್ಟು ಇಳಿದಿರಲಿಲ್ಲ. ಉಮ್ಮಕ್ಕ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಗೋಡೆ ಹಿಡಿಸಿ ನಡೆಸಿ, ಕಡೆಗೂ ಅದನ್ನು ನಡೆಯುವ ಹಾಗೆ ಮಾಡಿದರು. ಈಗ ಶಾಲೆಗೆ ಹೋಗುತ್ತಾಳೆ. ಮಾತು ತಡವಾಗಿ ಬಂದದ್ದನ್ನೆಲ್ಲ ಬಡ್ಡಿ ಸಮೇತ ತೀರಿಸುತ್ತಿದ್ದಾಳೆ.

ಇಷ್ಟು ವರ್ಷ ನಾನು ನನ್ನೊಳಗೆ ಒಂದು ಕತೆ ಕಟ್ಟಿಕೊಂಡಿದ್ದೆ — ಆ ದಿನ ಕಡಲಬದಿಯಲ್ಲಿ ಕೂತು, ಕಳ್ಳನೆಂಬ ಹೆಸರು ಹೊತ್ತು, ತಾಯಿ ಮಗುವನ್ನು ಉಳಿಸಿದವನು ನಾನು ಎಂದು. ಒಳಗೊಳಗೇ ಬೀಗುತ್ತಿದ್ದೆ. ಅದು ಮುರಿದದ್ದು ಈಚೆಗೆ, ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮರುವರ್ಷ.

ಕಮಲ ನಮ್ಮ ಮನೆಗೆ ಬಂದಿದ್ದಳು, ಜೊತೆಗೆ ಅಡ್ಡಿಗೆ. ಬಾವು ಇಳಿದು ಎಷ್ಟೋ ಕಾಲವಾಗಿತ್ತು, ಒಡವೆ ಸಡಿಲವಾಗಿ ಕೆಳಗೆ ಜಾರುತ್ತಿತ್ತು. ನಾನು ಸೇರಿಸಿದ ಕೊಂಡಿಗಳನ್ನು ಮಗ ಬಿಚ್ಚಿ ನನ್ನ ಅಂಗೈಯಲ್ಲಿ ಹಾಕಿದ. ಮಾತಿಗೆ ಮಾತೆಂದು, ಉಮ್ಮಕ್ಕ ಹೇಗಿದ್ದಾರೆ ಎಂದೆ.

"ಇದ್ದಾರೆ. ಸೊರಗಿದ್ದಾರೆ. ಮೀನು ಬಿಟ್ಟವರಲ್ವಾ."

"ಮೀನು ಬಿಟ್ಟದ್ದಾ? ಎಂತಕ್ಕೆ?"

"ನಿಮಗೆ ಗೊತ್ತಿಲ್ವಾ? ಸುಮತಿ ಹುಟ್ಟಿದಂದಿನಿಂದ ಮುಟ್ಟಲಿಲ್ಲ. ಬಸುರಿಯ ಬಾಯಿಂದ ಕಿತ್ಕೊಂಡದ್ದು ನನ್ನ ಬಾಯಿಗೆ ಬೇಡ ಅಂತ. ಮಗು ಸಣ್ಣದಾದದ್ದು ತನ್ನಿಂದ ಅಂತ ಈಗಲೂ ಹೇಳ್ತಾರೆ."

ಕಡಲಿನ ಸದ್ದು ಕೇಳುವ ಮನೆಯಲ್ಲಿ, ಮೀನಿಲ್ಲದೆ ಊಟವೇ ಸೇರದ ಹೆಂಗಸು, ಇಷ್ಟು ವರ್ಷ! ಅಂಗೈಯಲ್ಲಿದ್ದ ಕೊಂಡಿಗಳನ್ನು ನೋಡಿದೆ. ಇವುಗಳನ್ನು ಬೆಸೆಯುವಾಗ ಆಡಿದ ಮಾತಿಗೆ ತೆರಿಗೆ ಕಟ್ಟುತ್ತಿದ್ದವರು ಅವರು. ನನಗೆ ಅಳು ಬಂತು, ಮಗನೆದುರೇ ಅತ್ತೆ.

"ಉಮ್ಮಕ್ಕನಿಗೆ ನಾನು ಹೇಳ್ತೇನೆ ಕಮಲ," ಎಂದೆ. "ಆದರೆ ಗುಟ್ಟು ನಿನ್ನದೂ ಹೌದು. ನೀನು ಬೇಡ ಅಂದ್ರೆ—"

ಅವಳು ಕೊಂಡಿಗಳನ್ನು ನನ್ನ ಅಂಗೈಯಿಂದ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಅವಳ ಅಪ್ಪ ಈಗಿಲ್ಲ. "ಎಷ್ಟು ಸಲ ಬಾಯಿ ತೆರೆದೆ ಗೊತ್ತುಂಟಾ? ಅಪ್ಪನ ಮಾನ ಹೋಗ್ತದೆ ಅಂತ ಮುಚ್ಚಿದೆ. ನೀವು ಹೇಳಿ. ನಾನೂ ಅಲ್ಲೇ ನಿಲ್ತೇನೆ."

ಅವಳ ಜೊತೆಗೇ ಹೊರಟೆ. ತಡ ಮಾಡಿದರೆ ನನ್ನ ಕುಲಕಸುಬಿನ ಗುಣ ಮತ್ತೆ ಮೇಲೇಳುತ್ತದೆಂದು ನನಗೆ ಗೊತ್ತಿತ್ತು.

ಉಮ್ಮಕ್ಕ ಜಗಲಿಯಲ್ಲಿ ಹುಣಸೆಯ ಬೀಜ ಬಿಡಿಸುತ್ತಿದ್ದರು. ಸುಮತಿ ಬದಿಯಲ್ಲಿ ಕೂತು ಏನೋ ಹರಟುತ್ತಿದ್ದಳು. ನಾನು ನಿಂತೇ ಹೇಳಿದೆ. ಬಾಳೆನಾರಿನಿಂದ ಹಿಡಿದು ಹೇಳಿದೆ — ಅಳತೆ, ಬಾವಿಕಟ್ಟೆ, ಅಗಲ ಮಾಡಿದ ಪಟ್ಟಿ, ನಾನಾಡಿದ ಸುಳ್ಳು. ಕಡಲಬದಿಯ ಕತೆಯನ್ನು ಹೇಳಲು ಬಾಯಿ ತುರಿಸಿತು. ಹೇಳಲಿಲ್ಲ. ಹೇಳಿದ್ದರೆ ಅದು ನನ್ನನ್ನು ನಾನೇ ಬಿಡಿಸಿಕೊಂಡ ಹಾಗಾಗುತ್ತಿತ್ತು.

ಉಮ್ಮಕ್ಕನ ಬೆರಳು ಹುಣಸೆಯಲ್ಲೇ ನಿಂತಿತು.

"ನಾನು ಕೇಳಿದ್ದೆ," ಎಂದರು. "ಸತ್ಯ ಹೇಳು ಅಂತ ನಿನ್ನನ್ನೇ ಕೇಳಿದ್ದೆ, ಆಚಾರಿ."

"ಹೌದು ಅಕ್ಕ."

ಅವರು ಸೊಸೆಯ ಕಡೆ ತಿರುಗಿದರು. "ನಿನಗೂ ಗೊತ್ತಿತ್ತು."

"ಹೌದು ಅತ್ತೆ."

"ಹಾಗಾದರೆ ಇಷ್ಟು ವರ್ಷ ನಾನು ಹೊತ್ತದ್ದರಲ್ಲಿ ನಿಮ್ಮಿಬ್ಬರ ಪಾಲೂ ಇತ್ತಾ?"

ಬೈಯುತ್ತಾರೆ ಎಂದುಕೊಂಡೆ, ಹೊಡೆದರೂ ತಿನ್ನುವ ಎಂದುಕೊಂಡೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ದುಃಖದ ಅಳುವಲ್ಲ ಅದು — ತಲೆಹೊರೆ ಇಳಿಸಿದವರು ಬಿಡುವ ಉಸಿರಿನ ಹಾಗೆ ಉದ್ದಕ್ಕೆ, ನಿಧಾನಕ್ಕೆ. ಅತ್ತು ಮುಗಿಸಿ ಕಣ್ಣೊರೆಸಿದರು. "ಅನ್ನ ಕಮ್ಮಿ ಮಾಡಿದ್ದು ನಾನೇ. ಅದು ನನ್ನದೇ, ಯಾರಿಗೂ ಕೊಡುದಿಲ್ಲ. ಉಳಿದದ್ದನ್ನು ನೀವು ಕೊಂಡೋಗಿ."

ಸ್ವಲ್ಪ ಹೊತ್ತಾದ ಮೇಲೆ ಹೊರಗೆ ದಾರಿಯ ಕಡೆ ಕಿವಿಗೊಟ್ಟರು. ಮೀನು ಮಾರುವವಳ ಕೂಗು ದೂರವಾಗುತ್ತಿತ್ತು.

"ಸುಮತೀ, ಬುಟ್ಟಿಯವಳನ್ನು ಕರಿ. ಬಂಗುಡೆ ಉಂಟಾ ಕೇಳು. ಇದ್ದರೆ ನನಗೂ ಸೇರಿಸಿ ತೆಗಿ."

ಹುಡುಗಿ ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಮತ್ತೆ ಏನನ್ನೂ ಕೇಳದೆ ಓಡಿದಳು. ಅಂಗಳ ಹಾರಿ, ಗದ್ದೆಗಳ ನಡುವಿನ ಕಿರಿದಾದ ಹುಣಿಯ ಮೇಲೆ, ಲಂಗ ಎತ್ತಿ ಹಿಡಿದುಕೊಂಡು ಕೂಗುತ್ತ ಓಡಿದಳು. ನಡೆಯುವುದೇ ಇಲ್ಲವೇನೋ ಎಂದು ಈ ಮನೆಯವರು ಹೆದರಿದ್ದ ಮಗು. ಉಮ್ಮಕ್ಕ, ಕಮಲ, ನಾನು — ಮೂವರೂ ಅವಳ ಕಾಲುಗಳನ್ನೇ ನೋಡುತ್ತಿದ್ದೆವು.

ಮೀನು ಹುರಿಯುವ ವಾಸನೆ ಬರುವ ತನಕ ಜಗಲಿಯ ಮೆಟ್ಟಿಲಲ್ಲಿ ಕೂತಿದ್ದೆ. ಆ ದಿನ ಮೂಗಿಗೆ ಬಟ್ಟೆ ಒತ್ತಿಕೊಳ್ಳಲಿಲ್ಲ. ಆಚಾರ್ರೆ ಎಂದು ಉಮ್ಮಕ್ಕ ನನ್ನನ್ನು ಮತ್ತೆ ಕರೆದಿಲ್ಲ, ಆಚಾರಿ ಎಂದೇ ಕರೆಯುತ್ತಾರೆ. ಕರೆದಾಗಲೆಲ್ಲ ಹೋಗುತ್ತೇನೆ.